ಟರ್ಕಿಗೆ ಬೇಡವಾದ ಕಾಳು

"ಬಾಯಿ ತಗಿ ಅಂದ್ನಿ."

ಜಿಜಾಬಾಯಿಯ ಎರಡೂ ಕೈಯಲ್ಲಿ ಕೆಲಸವಿತ್ತು. ಎಡಗೈಯಲ್ಲಿ ಒಂದು ಟರ್ಕಿ ಮರಿ, ಬಲಗೈಯ ಬೆರಳತುದಿಯಲ್ಲಿ ಬೇಯಿಸಿ ನುರಿದ ತತ್ತಿಯ ಚೂರು. ಮರಿಯ ಕೊಕ್ಕನ್ನು ಹೆಬ್ಬೆರಳಿನಿಂದ ಬಿಡಿಸಿ ತತ್ತಿಯನ್ನು ಒಳಗೆ ತಳ್ಳಿ, ಅದು ನುಂಗುವ ತನಕ ಕುತ್ತಿಗೆ ಸವರುತ್ತ ಕೂತಿದ್ದಳು. ನಾಟಿ ಕೋಳಿಯ ಮರಿಯಾದರೆ ಹುಟ್ಟಿದ ಗಳಿಗೆಯಿಂದಲೇ ಕೆದರಿ ತಿನ್ನುತ್ತದೆ. ಟರ್ಕಿ ಮರಿ ಹಾಗಲ್ಲ, ಪೆದ್ದು. ಕಾಳು ಕಣ್ಣೆದುರಿಗೇ ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಯಾರಾದರೂ ಬಾಯಿಗಿಟ್ಟು ಕಲಿಸದಿದ್ದರೆ ಕಾಳಿನ ರಾಶಿಯ ಮೇಲೆ ನಿಂತೇ ಹಸಿದು ಸಾಯುತ್ತದೆ. ಹೀಗೆ ಬಾಯಿಗಿಡಲೆಂದೇ ಕೇರಿಯ ಹೆಂಗಸರನ್ನು ಕೂಲಿಗೆ ಕರೆದಿದ್ದರು.

"ಕಿವಿ ಕೇಳಲ್ಲೇನ ಮುದುಕಿ? ಮರಿ ಕೆಳಗ ಬಿಡು. ಬಾಯಿ ತಗಿ."

ಹೀಗೆ ಹೇಳುತ್ತಿದ್ದವನು ಬಸವಕಿರಣ, ಸಾಹುಕಾರ ಶಂಕರಲಿಂಗನ ಮಗ. ಮೋರಖಂಡಿಯ ಹೊರಗೆ ಅಪ್ಪನ ಹೊಲದಲ್ಲಿ ಈ ಟರ್ಕಿ ಫಾರ್ಮು ಹಾಕಿದವನು ಅವನೇ. ಕಡಿಮೆ ಖರ್ಚಿನಲ್ಲಿ ಟರ್ಕಿ ಮೇಯಿಸುವುದು ಹೇಗೆಂದು ಹೇಳುವ ವಿಡಿಯೋಗಳು ಅವನ ಮೊಬೈಲಿನಲ್ಲಿ ಸದಾ ಓಡುತ್ತಿದ್ದವು. ಹುಮನಾಬಾದಿನ ದಾಲ್ ಮಿಲ್ಲಿನಿಂದ ತೊಗರಿ ಹೊಟ್ಟು ಬಂತು, ಶಾದಿಖಾನೆಗಳಿಂದ ಉಳಿದ ಅನ್ನ ಬಂತು, ನುಗ್ಗೆಸೊಪ್ಪು ಬಂತು, ಕುದುರೆಮೆಂತ್ಯ ಬಂತು. ಈಗೀಗ ಎಲ್ಲೋ ಅಗ್ಗಕ್ಕೆ ಸಿಕ್ಕಿತೆಂದು ಚೀಲಗಟ್ಟಲೆ ಮೆಕ್ಕೆಜೋಳವೂ ಬಂದಿತ್ತು. ಇಷ್ಟೆಲ್ಲ ತಿಂದರೂ ಮರಿಗಳ ತೂಕ ಏರುತ್ತಿರಲಿಲ್ಲ.

"ಯಾಕ್ರಿ ಸಣ್ ಸಾವ್ಕಾರ್ರ, ನನ್ನ ಬಾಯಾಗ ಏನದ?" ಎಂದಳು ಜಿಜಾಬಾಯಿ.

"ಅದೇ ನೋಡ್ಬೇಕು. ತತ್ತಿ ಬರೋಬರ್ ಖರ್ಚಾಗಾಕತ್ತಾವ. ಕಾಳು ಬರೋಬರ್ ಖಾಲಿ ಆಗಾಕತ್ತದ. ಮರಿ ಮಾತ್ರ ಹಂಗೇ ಅದಾವ. ಮರಿ ಹೊಟ್ಟಿಗಿ ಹೋಗಿಲ್ಲಂದ್ರ ಯಾರ ಹೊಟ್ಟಿಗಿ ಹೋತು?"

ಅವಳು ಬಾಯಿ ತೆಗೆದಳು. ಅವನು ಮೊಬೈಲಿನ ಟಾರ್ಚು ಹಾಕಿ ಒಳಗೆ ನೋಡಿದ. ನಾಲಿಗೆ ಎತ್ತು ಎಂದ, ಎತ್ತಿದಳು. ಹಲ್ಲಿನ ಸಂದಿಯಲ್ಲಿ ಏನೋ ಕಂಡಿತು ಅವನಿಗೆ.

"ಅದೇನದು?"

"ಮಿಶ್ರಿರಿ, ಸುಟ್ಟ ತಂಬಾಕಿಂದು. ಮುಂಜಾನಿ ಹಲ್ಲಿಗಿ ತಿಕ್ಕೀನಿ."

"ಮಿಶ್ರಿ ಅಂತ, ರಂಡಿ. ಮುಕ್ಕಳಿಸು, ನೋಡೂಣು."

ಅವಳು ಎದ್ದು ಮಡಕೆಯ ಕಡೆ ಹೊರಟರೆ ಅವನು ಕೈ ಅಡ್ಡ ಹಿಡಿದ. ಆ ಮಡಕೆಯ ನೀರು ಸಾಹುಕಾರರ ಮನೆಯವರಿಗೆ. ಮರಿಗಳು ಕುಡಿಯುವ ತಟ್ಟೆಯನ್ನೇ ಕಾಲಿನಿಂದ ಅವಳತ್ತ ಸರಿಸಿದ. ಅದರಲ್ಲಿ ಹೊಟ್ಟು ತೇಲುತ್ತಿತ್ತು. ಅವಳು ಅದನ್ನೇ ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ, ಅವನು ಹಿಡಿದ ಡಬ್ಬಿಯ ಮುಚ್ಚಳದಲ್ಲಿ ಉಗುಳಿದಳು. ಕರಿನೀರು ಬಂತು. ತತ್ತಿಯ ಹಳದಿ ಎಲ್ಲೂ ಇರಲಿಲ್ಲ.

"ಅಂದ್ರ ಇಲ್ಲಿ ತಿಂದಿಲ್ಲ, ಒಯ್ದಿದಿ," ಎಂದ ಅವನು. "ಮನ್ಯಾಗ ಬಸುರಿ ಸೊಸಿ ಇದಾಳಲ್ಲ."

ಬೇಲಿಯಾಚೆ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಶಂಕರಲಿಂಗ ಕೂತಿದ್ದ. ಹಣೆಯ ತುಂಬ ವಿಭೂತಿ. ಶೆಡ್ಡಿನ ಹೊಸ್ತಿಲನ್ನು ಅವನು ತುಳಿಯುತ್ತಿರಲಿಲ್ಲ, ತತ್ತಿಯ ವಾಸನೆ ತನಗಾಗದು ಎನ್ನುತ್ತಿದ್ದ. ಹಕ್ಕಿಗಳ ವ್ಯಾಪಾರಕ್ಕೂ ತನಗೂ ಸಂಬಂಧವಿಲ್ಲ, ಅದು ಹುಡುಗನ ಧಂದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಚೀಲಗಳ ಲೆಕ್ಕ ಮಾತ್ರ ಅಲ್ಲಿಂದಲೇ ಇಡುತ್ತಿದ್ದ.

"ಬಿಡಪ್ಪಾ ಕಿರಣ, ಗರೀಬರು," ಎಂದ ಅಲ್ಲಿಂದಲೇ, ಮೆತ್ತಗೆ. "ಏನವಾ ಜಿಜಾ, ಹಸಿವಿದ್ರ ಕೇಳಿ ತಿನ್ನು. ಕೇಳಿದ್ರ ನಾ ಒಲ್ಲೆ ಅಂತೀನೇನು?"

ಮಗನ ಬೈಗುಳಕ್ಕಿಂತ ಈ ಮಾತೇ ಅವಳ ಹೊಟ್ಟೆಗೆ ಬೆಂಕಿ ಇಟ್ಟಿತು. ಕಳ್ಳಿ ಎಂದು ಅವನೂ ನಂಬಿಬಿಟ್ಟಿದ್ದ, ಮೇಲೆ ಕ್ಷಮೆ ಬೇರೆ ಮಾಡುತ್ತಿದ್ದ. ಅವಳು ಕೂತು ಇನ್ನೊಂದು ಮರಿ ಎತ್ತಿಕೊಂಡಳು.

ಅಂದಿನಿಂದ ಫಾರ್ಮಿನಲ್ಲಿ ಹೊಸ ಪದ್ಧತಿ ಶುರುವಾಯಿತು. ಸಂಜೆ ಮನೆಗೆ ಹೊರಡುವ ಮುಂಚೆ ಒಬ್ಬಳ ಸೆರಗನ್ನು ಇನ್ನೊಬ್ಬಳು ಜಾಡಿಸಬೇಕು, ಸಂಚಿ ಬಿಚ್ಚಬೇಕು, ಸೊಂಟ ಮುಟ್ಟಿ ನೋಡಬೇಕು. ಬಸವಕಿರಣ ಗೇಟಿಗೆ ಒರಗಿ ನಿಂತು ನೋಡುತ್ತಿದ್ದ. ಸಡಿಲ ಜಾಡಿಸಿದರೆ ಇಬ್ಬರ ಕೂಲಿಗೂ ಕತ್ತರಿ.

ಜಿಜಾಬಾಯಿಯ ಜೋಡಿ ವಜೀರಬಿ. ಇಬ್ಬರೂ ಜೊತೆಯಲ್ಲೇ ಕಳೆ ತೆಗೆದು, ಜೊತೆಯಲ್ಲೇ ತೊಗರಿ ಕೊಯ್ದು ಮುದುಕಿಯರಾದವರು. ಒಂದು ಮಧ್ಯಾಹ್ನ ನುಗ್ಗೆಸೊಪ್ಪು ಬಿಡಿಸುತ್ತ ಕೂತಾಗ ವಜೀರಬಿ ದನಿ ಇಳಿಸಿ ಕೇಳಿದಳು.

"ಖರೇ ಹೇಳ್ ಜಿಜಾ. ಒಂದರೆ ತತ್ತಿ ಒಯ್ದಿಯೇನ? ರೂಪಾಲಿಗಂತ ಒಯ್ದಿದ್ರ ಗುನ್ಹಾ ಏನಿಲ್ಲ. ನಾ ಯಾರ ಮುಂದೂ ಬಾಯಿ ಬಿಡಲ್ಲ."

ಜಿಜಾಬಾಯಿಯ ಕೈ ನಿಂತಿತು. ರೂಪಾಲಿ ಅವಳ ಸೊಸೆ. ಮಗ ದತ್ತು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದ, ತುಂಬಿದ ಹೊಟ್ಟೆಯ ಹುಡುಗಿಯನ್ನು ಅವ್ವನ ಕೈಗೆ ಒಪ್ಪಿಸಿ. ಒಂದು ಕೂಸು ಹೊಟ್ಟೆಯಲ್ಲೇ ಹೋಗಿ ಆಗಿತ್ತು, ಇದು ಎರಡನೆಯದು. ತತ್ತಿ ಸುಲಿಯುವಾಗ ಪ್ರತಿ ಸಲ ಜಿಜಾಬಾಯಿಗೆ ಆ ಹುಡುಗಿಯ ಒಣಗಿದ ಮುಖ ಕಣ್ಣಮುಂದೆ ಬರುತ್ತಿತ್ತು. ಬಂದರೂ ಒಯ್ದಿರಲಿಲ್ಲ.

"ನನ್ನ ಮ್ಯಾಲ ನಿನಗೂ ಶಕ್ ಬಂತಾ ವಜೀರಾ?"

"ಶಕ್ ಅಲ್ಲವಾ, ಕೇಳ್ದೆ."

"ನೀ ದಿನಾ ನನಗಿಂತ ಮೊದಲ ಬರ್ತಿ. ಬೇಯಿಸಾಕ ಇಡೂದು ನೀನೇ. ನಾ ಎಂದಾರ ನಿನಗ ಹಿಂಗ ಕೇಳೀನೇನ?"

ವಜೀರಬಿ ಸೊಪ್ಪಿನ ಬುಟ್ಟಿ ತೆಗೆದುಕೊಂಡು ದೂರ ಹೋಗಿ ಕೂತಳು. ಆ ಸಂಜೆ ಗೇಟಿನಲ್ಲಿ ಜಿಜಾಬಾಯಿ ಅವಳ ಸೆರಗನ್ನು ಬೇಕಾದ್ದಕ್ಕಿಂತ ಜೋರಾಗಿ ಜಾಡಿಸಿದಳು. ವಜೀರಬಿಯೂ ಇವಳ ಸಂಚಿಯನ್ನು ನೆಲಕ್ಕೆ ಸುರಿದಳು. ಎಲೆ ಅಡಿಕೆ ಮಣ್ಣಾಯಿತು. ಬಸವಕಿರಣ ನಕ್ಕ. ಕೇರಿಯ ದಾರಿಯಲ್ಲಿ ಇಬ್ಬರೂ ಮುಂದೆ ಹಿಂದೆ ನಡೆದರು. ಹೀಗೇ ಎಳ್ಳ ಅಮಾವಾಸ್ಯೆ ಹತ್ತಿರ ಬಂತು.

ಅಷ್ಟರಲ್ಲಿ ಹಕ್ಕಿಗಳು ಸಾಯತೊಡಗಿದವು. ಮೊದಲು ಮರಿ, ಆಮೇಲೆ ದೊಡ್ಡವು. ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತವು ಮತ್ತೆ ಏಳುತ್ತಿರಲಿಲ್ಲ. ಎದೆ ಉಬ್ಬಿಸಿ ಗುಳುಗುಳು ಕೂಗುತ್ತಿದ್ದ ಹುಂಜಗಳು ಕುತ್ತಿಗೆ ಜೋತುಬಿಟ್ಟು ನಿಂತವು. ಬಸವಕಿರಣನಿಗೆ ತಲೆ ಕೆಟ್ಟಿತು. ಹೆಂಗಸರು ಏನೋ ಹಾಕಿದ್ದಾರೆಂದು ಅವರ ರೊಟ್ಟಿಯ ಗಂಟನ್ನೂ ಬಿಚ್ಚಿ ನೋಡಿದ. ಕೊನೆಗೆ ಹುಮನಾಬಾದಿನಿಂದ ದನದ ಡಾಕ್ಟರನ್ನು ಕರೆಸಿದ.

ಡಾಕ್ಟರು ಸತ್ತ ಹಕ್ಕಿಯೊಂದನ್ನು ಕೊಯ್ದು ಯಕೃತ್ತು ಹೊರತೆಗೆದ. ಕೆಂಪಗಿರಬೇಕಾದ್ದು ಬಿಳಚಿ ಹಳದಿಯಾಗಿತ್ತು. ಅವನು ಬೇರೇನನ್ನೂ ಕೇಳಲಿಲ್ಲ.

"ಏನ್ ಕಾಳ್ ಹಾಕ್ತೀರಿ, ತೋರಸ್ರಿ."

ಅಗ್ಗದ ಮೆಕ್ಕೆಜೋಳದ ಚೀಲ ಬಿಚ್ಚಿದರು. ಕೈ ಹಾಕಿದರೆ ಒಳಗೆ ಬಿಸಿ. ಮೇಲೆ ಚೆನ್ನಾಗಿ ಕಂಡ ಕಾಳು ಅಡಿಯಲ್ಲಿ ಹಸಿರು ಕಪ್ಪು ಬೂಷ್ಟು ಹಿಡಿದು ಗಡ್ಡೆಗಟ್ಟಿತ್ತು. ಮಳೆಗೆ ಸೋರಿದ ಯಾವುದೋ ಗೋದಾಮಿನ ಮಾಲು.

"ಇದ್ರಾಗ ವಿಷ ಅದ ರೀ," ಎಂದ ಡಾಕ್ಟರು. "ನಾಟಿ ಕೋಳಿ ಒಂದೀಟು ತಡಕೋತಾವ, ಟರ್ಕಿ ತಡಕೊಳ್ಳಲ್ಲ. ಇವತ್ತೇ ಬಂದ್ ಮಾಡ್ರಿ. ಎಲ್ಲಾ ಹೂತ್ ಹಾಕ್ರಿ. ತೊಳದ್ರೂ ಹೋಗಲ್ಲ, ಬಿಸಿಲಿಗಿ ಹಾಕಿದ್ರೂ ಹೋಗಲ್ಲ ಅದು."

ಬೇಲಿಯಾಚೆಯಿಂದ ಶಂಕರಲಿಂಗ ಇದನ್ನು ಕೇಳಿದ. ಹೆಂಗಸರೂ ಕೇಳಿದರು. ಜಿಜಾಬಾಯಿ ಬಸವಕಿರಣನ ಮುಖವನ್ನೇ ನೋಡುತ್ತ ನಿಂತಳು. ಒಂದು ಮಾತು ಬಂದೀತು ಎಂದುಕೊಂಡಳು. ತಪ್ಪಾಯಿತು ಎನ್ನದಿದ್ದರೂ ಬೇಡ, ನಿಮ್ಮದೇನಿಲ್ಲ ಬಿಡ್ರಿ ಎಂದರೆ ಸಾಕಿತ್ತು. ಅವನು ಒಳ್ಳೆಯ ಕಾಳು ತರಿಸಲು ಹುಮನಾಬಾದಿಗೆ ಫೋನು ಹಚ್ಚಿ ಮಾತಾಡುತ್ತ ಆಚೆ ಹೋದ.

ವಜೀರಬಿ ಹತ್ತಿರ ಬಂದು ಅವಳ ಮೊಣಕೈ ಹಿಡಿದಳು.

"ಮಾಫ್ ಮಾಡವಾ ಜಿಜಾ."

"ನಾನೂ ನಿನಗ ಅಂದೀನಲ್ಲ," ಎಂದಳು ಜಿಜಾಬಾಯಿ. "ಸುಟ್ಟ ಬಾಯಿ."

ಮರುದಿನವೇ ಒಳ್ಳೆಯ ಕಾಳು ಬಂತು. ಹಕ್ಕಿಗಳು ಚೇತರಿಸಿಕೊಂಡವು. ಹಳೆಯ ಚೀಲಗಳನ್ನು ಹೂಳಲು ಮಾತ್ರ ಯಾರೂ ಗುಂಡಿ ತೋಡಲಿಲ್ಲ. ಅವನ್ನು ಬೇವಿನ ಬುಡಕ್ಕೆ ತಂದು ಜೋಡಿಸಿದ್ದರು. ಏನಿದು ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆ ಶಂಕರಲಿಂಗ ಎಲ್ಲರನ್ನೂ ಕರೆದ.

ಎಳ್ಳ ಅಮಾವಾಸ್ಯೆ ಬಂದರೆ ಆಳುಮಕ್ಕಳಿಗೆ ಕಾಳಿನ ಪಾಲು ಕೊಡುವುದು ಆ ಮನೆಯ ರೂಢಿ. ಅವನ ಅಜ್ಜನ ಕಾಲದಿಂದ ನಡೆದು ಬಂದದ್ದು. ಪ್ರತಿ ವರ್ಷ ಜೋಳ ಕೊಡುತ್ತಿದ್ದರು.

"ಈ ವರ್ಷ ಮಕ್ಕಿಜ್ವಾಳ ಕೊಡಾಕತ್ತೀನಿ," ಎಂದ ಶಂಕರಲಿಂಗ. "ಡಾಕ್ಟರು ಹೂಳ್ರಿ ಅಂದ. ಅನ್ನ ಮಣ್ಣಾಗ ಹೂಳಾಕ ನನ್ನ ಕೈ ಬರಲ್ಲಪ್ಪಾ. ತೊಳದು ಬಿಸಿಲಿಗಿ ಹಾಕ್ರಿ, ಏನೂ ಆಗಲ್ಲ."

ಹೆಂಗಸರು ಅಲುಗಲಿಲ್ಲ. ಜಿಜಾಬಾಯಿ ಕೇಳಿಯೇಬಿಟ್ಟಳು.

"ಇದನ್ನ ತಿಂದೇ ಸತ್ತಾವಲ್ರಿ ಸಾವ್ಕಾರ್ರ, ಅವು?"

"ಟರ್ಕಿದು ನಾಜೂಕ್ ಹೊಟ್ಟಿ ತಂಗಿ. ಹೊರಗಿನ ದೇಶದ ಹಕ್ಕಿ. ನಿಮ್ಮದು ಗಟ್ಟಿ ಹೊಟ್ಟಿ. ಎಂಥೆಂಥಾದ್ದು ತಿಂದ್ ಬೆಳದವರು ನೀವು."

ಅವನು ಬೈಯುವ ದನಿಯಲ್ಲಿ ಹೇಳಲಿಲ್ಲ. ಹೊಗಳುವಂತೆ ಹೇಳಿದ.

"ಬ್ಯಾಡಂದ್ರ ಬಿಡ್ರಿ," ಎಂದ ಬಸವಕಿರಣ. "ಮನಿ ಪಾಲು ಒಲ್ಲೆ ಅಂದಕಿ ನಾಳಿಂದ ಕೂಲಿಗೂ ಬರೂದು ಬ್ಯಾಡ. ಬೇಕಾದಷ್ಟ್ ಮಂದಿ ಅದಾರ."

ಜೋಳದ ಸುಗ್ಗಿ ಇನ್ನೂ ದೂರವಿತ್ತು. ಬೇರೆ ಕೂಲಿ ಎಲ್ಲೂ ಇರಲಿಲ್ಲ. ದತ್ತು ಬರುವ ತನಕ ಒಲೆ ಉರಿಯಬೇಕಾದರೆ ಈ ಶೆಡ್ಡೇ ಗತಿ. ಜಿಜಾಬಾಯಿ ಸೆರಗು ಒಡ್ಡಿದಳು. ಒಬ್ಬೊಬ್ಬರಾಗಿ ಎಲ್ಲರೂ ಒಡ್ಡಿದರು.

ಮನೆಗೆ ಬಂದು ಗಂಟನ್ನು ಬಾಗಿಲ ಹಿಂದಿನ ಮೂಲೆಗೆ ಎಸೆದಳು.

"ಇದನ್ನ ಮುಟ್ಟಬ್ಯಾಡ ರೂಪಾಲಿ. ನಾಳಿ ಹೊರಗ ಚೆಲ್ತೀನಿ."

"ಯಾಕತ್ತಿ?"

"ಹೊಲಸ ಅದ. ಮುಟ್ಟಬ್ಯಾಡ ಅಂದ್ರ ಮುಟ್ಟಬ್ಯಾಡ."

ವಿಷ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಬಸುರಿಯ ಮುಂದೆ ಆ ಶಬ್ದ ಆಡಬಾರದೆಂದು ಅವಳು ನುಂಗಿಕೊಂಡಳು. ಹೊಲಸು ಎಂದರೆ ತೊಳೆದರೆ ಹೋಗುವಂಥದ್ದು ಎಂದು ರೂಪಾಲಿ ತಿಳಿದಳು.

ಮರುದಿನ ಸಂಜೆ ಜಿಜಾಬಾಯಿ ಫಾರ್ಮಿನಿಂದ ಬಂದಾಗ ಒಲೆಯ ಮೇಲೆ ಗಡಿಗೆ ಇತ್ತು. ರೂಪಾಲಿ ಗೋಡೆಗೆ ಒರಗಿ ಕೂತಿದ್ದಳು, ಮುಖದ ತುಂಬ ಬೆವರು.

"ಏಳ್ ನೀರಾಗ ತೊಳದೀನಿ ಅತ್ತಿ," ಎಂದಳು. "ಕುಟ್ಟಿ ನುಚ್ಚ್ ಮಾಡೀನಿ. ನೀವೂ ಖಾಲಿ ಹೊಟ್ಟಿಲೆ ಹೋಗಿದ್ರಿ. ನಿಮಗಂತ ಅರ್ಧ ಇಟ್ಟೀನಿ ನೋಡ್ರಿ."

ಹೇಳಿ ಮುಗಿಸುವಷ್ಟರಲ್ಲಿ ವಾಂತಿಯಾಯಿತು. ಅದು ಮೊದಲನೆಯದಾಗಿರಲಿಲ್ಲ. ಜಿಜಾಬಾಯಿ ಓಡಿಹೋಗಿ ವಜೀರಬಿಯ ಬಾಗಿಲು ಬಡಿದಳು. ವಜೀರಬಿಯ ಮಗಳು ಅತಿಯಾ ರಸ್ತೆಗೆ ಹೋಗಿ ಒಂದು ಆಟೋ ನಿಲ್ಲಿಸಿದಳು. ಮೂವರೂ ಸೇರಿ ರೂಪಾಲಿಯನ್ನು ಎತ್ತಿ ಹಾಕಿಕೊಂಡು ಬಸವಕಲ್ಯಾಣದ ದವಾಖಾನೆಗೆ ಒಯ್ದರು. ದಾರಿಯುದ್ದಕ್ಕೂ ಜಿಜಾಬಾಯಿ ಸೊಸೆಯ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಅಲುಗಾಡು ನನ್ನಪ್ಪಾ, ಒಂದ್ಸಲ ಅಲುಗಾಡು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

ಡಾಕ್ಟರಮ್ಮ ಸಲೈನು ಹಚ್ಚಿದಳು. ಏನು ತಿಂದಿದ್ದೆಂದು ಕೇಳಿ ತಿಳಿದು, ಹೊಟ್ಟೆಗೆ ಕೊಳವೆಯಿಟ್ಟು ಆಲಿಸಿದಳು.

"ಕೂಸಿನ ಎದಿ ಬಡಿಯಾಕತ್ತದ," ಎಂದಳು ಆಮೇಲೆ. "ಆದ್ರ ಈಗೇ ಏನೂ ಹೇಳಾಕ ಬರಲ್ಲ. ನೋಡ್ಬೇಕು."

"ಎಷ್ಟ್ ದಿನ ನೋಡ್ಬೇಕ್ರಿ?"

"ನೋಡ್ಬೇಕವಾ," ಎಂದಷ್ಟೇ ಹೇಳಿ ಅವಳು ಮುಂದಿನ ಮಂಚಕ್ಕೆ ಹೋದಳು.

ಬೆಳಗಾದರೆ ಅಮಾವಾಸ್ಯೆ. ರೂಪಾಲಿಗೆ ಜೊಂಪು ಹತ್ತಿತ್ತು. ಅತಿಯಾ ಮಂಚದ ಪಕ್ಕ ಕೂತಳು. ಜಿಜಾಬಾಯಿ ವಜೀರಬಿಯ ಜೊತೆ ಕೇರಿಗೆ ಬಂದು, ಮೂಲೆಯಲ್ಲಿ ಉಳಿದಿದ್ದ ಗಂಟನ್ನು ಎತ್ತಿಕೊಂಡು ಗಿರಣಿಗೆ ಹೊರಟಳು.

"ಏನ್ ಮಾಡಾಕತ್ತಿ ಜಿಜಾ?"

"ಹಬ್ಬ ಅಲ್ಲೇನ? ಹೊಲಕ್ಕ ಬರಿಗೈಲೆ ಹ್ಯಾಂಗ ಹೋಗೂದು?"

ವಜೀರಬಿ ಅವಳ ಮುಖ ನೋಡಿದಳು. ಒಳಗೆ ಹೋಗಿ ತನ್ನ ಗಂಟನ್ನೂ ತಂದಳು. ಸುದ್ದಿ ಕೇರಿಯ ತುಂಬ ಹರಡಿತ್ತು, ಉಳಿದ ಹೆಂಗಸರೂ ತಂದರು. ಹಿಟ್ಟು ಬೂದಿಬಣ್ಣಕ್ಕಿತ್ತು, ಮುಗ್ಗಲು ನಾತ. ಒಂದೇ ಒಲೆಯ ಮುಂದೆ ಕೂತು ಎಲ್ಲರೂ ರೊಟ್ಟಿ ಬಡಿದರು. ಆ ರೊಟ್ಟಿಯ ಚೂರನ್ನು ಯಾರೂ ಬಾಯಿಗಿಡಲಿಲ್ಲ, ನಾಯಿಗೂ ಹಾಕಲಿಲ್ಲ.

ಎಳ್ಳ ಅಮಾವಾಸ್ಯೆಯೆಂದರೆ ಈ ಸೀಮೆಯಲ್ಲಿ ಊರಿಗೆ ಊರೇ ಹೊಲದಲ್ಲಿ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಕಲ್ಲಿನ ಪಾಂಡವರನ್ನು ಕೂರಿಸಿ, ಬೆಳೆಗೆ ಎಡೆಯ ಅನ್ನದ ಚರಗ ಚೆಲ್ಲಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿಯೂ ಸಜ್ಜೆರೊಟ್ಟಿಯೂ ಅಂಬಲಿಯೂ ಹೊಟ್ಟೆ ಬಿರಿಯುವಂತೆ ಉಣ್ಣುತ್ತಾರೆ. ಆ ದಿನ ಯಾರ ಹೊಲಕ್ಕೆ ಯಾರು ಹೋದರೂ ಉಣ್ಣಿಸದೆ ಕಳಿಸುವುದಿಲ್ಲ. ಬಂದವರು ತಂದ ರೊಟ್ಟಿಯನ್ನು ಬೇಡ ಎನ್ನುವುದೂ ಇಲ್ಲ.

ಶಂಕರಲಿಂಗನ ಹೊಲದಲ್ಲಿ ಜಮಖಾನೆ ಹಾಸಿತ್ತು. ಹುಮನಾಬಾದಿನಿಂದ ಹಕ್ಕಿ ಕೊಳ್ಳುವ ಸೇಠ ಬಂದಿದ್ದ, ದನದ ಡಾಕ್ಟರೂ ಬಂದಿದ್ದ. ಸಾಹುಕಾರನ ಹೆಂಡತಿ ಪಾರ್ವತಿಬಾಯಿ ಸ್ವತಃ ಬಡಿಸುತ್ತಿದ್ದಳು. ಶೆಡ್ಡಿನಲ್ಲಿ ಏನು ನಡೆದಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಹಕ್ಕಿಯ ಮಾತು ಮನೆಯಲ್ಲಿ ಆಡಕೂಡದೆಂದು ಗಂಡನೇ ಕಟ್ಟಪ್ಪಣೆ ಮಾಡಿದ್ದ.

"ಕಲ್ಯಾಣದ ಮಣ್ಣು ನೋಡ್ರಿ ಸೇಠಜೀ," ಎನ್ನುತ್ತಿದ್ದ ಶಂಕರಲಿಂಗ. "ಇಲ್ಲಿ ಮ್ಯಾಲ ಕೆಳಗ ಅನ್ನೂದಿಲ್ಲ. ನಮ್ಮ ಆಳೂ ನಾವೂ ಇವತ್ತ ಒಂದೇ ಪಂಕ್ತಿ. ಅವರ ಬುಟ್ಟಿ ರೊಟ್ಟಿ ನಾವ್ ತಿಂತೀವಿ, ನಮ್ಮದು ಅವರ್ ತಿಂತಾರ."

ಆಗಲೇ ಹೆಂಗಸರು ಬದು ಹತ್ತಿ ಬಂದರು. ಮುಂದೆ ಜಿಜಾಬಾಯಿ, ತಲೆಯ ಮೇಲೆ ಬುಟ್ಟಿ, ಮೇಲೆ ಬಿಳಿ ವಸ್ತ್ರ.

"ನೋಡ್ರಿ, ಬಂದೇಬಿಟ್ರು," ಎಂದ ಸಾಹುಕಾರ ಸೇಠನಿಗೆ. ಇಷ್ಟು ಜನ ಒಟ್ಟಿಗೆ ಬಂದದ್ದು ಯಾಕೆಂದು ಅವನಿಗೆ ಒಳಗೇ ಅನುಮಾನ ಬಂದಿರಬೇಕು, ಕಣ್ಣು ಬುಟ್ಟಿಯ ಮೇಲೇ ಇತ್ತು.

ಜಿಜಾಬಾಯಿ ಬುಟ್ಟಿ ಇಳಿಸಿ ಅವನ ತಾಟಿಗೇ ರೊಟ್ಟಿ ಇಡಲು ಬಗ್ಗಿದಳು. ಪಾರ್ವತಿಬಾಯಿ ನಡುವೆ ಕೈ ಚಾಚಿದಳು.

"ನನಗ ಕೊಡವಾ ಮೊದಲ. ಯಾರರೆ ಬಡಸ್ತಾರಂತ ನಾನೂ ಮುಂಜಾನಿಂದ ಕಾಯಾಕತ್ತೀನಿ."

ಜಿಜಾಬಾಯಿ ರೊಟ್ಟಿಯನ್ನು ಅರೆಗಳಿಗೆ ಹಿಂದಕ್ಕೆಳೆದುಕೊಂಡಳು. ಈ ಹೆಂಗಸಿಗೆಂದು ತಂದಿರಲಿಲ್ಲ. ಬ್ಯಾಡ್ರಿ ಅವ್ವಾರ ಎಂಬ ಮಾತು ಬಾಯಿ ತನಕ ಬಂತು. ಎನ್ನಲಿಲ್ಲ. ರೊಟ್ಟಿಯನ್ನು ಆ ಕೈಯಲ್ಲಿಟ್ಟು, ಸಾಹುಕಾರನ ಮುಖ ನೋಡುತ್ತ ನಿಂತಳು.

ಪಾರ್ವತಿಬಾಯಿ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡಳು. ಚೂರು ಮುರಿದು ಭಜ್ಜಿಯಲ್ಲಿ ಅದ್ದಿದಳು.

"ಇದ್ಯಾತರ ರೊಟ್ಟಿನವಾ, ಬಣ್ಣ ಹಿಂಗದ?"

"ನೀವ್ ಕೊಟ್ಟ ಪಾಲಿಂದೇರಿ ಅವ್ವಾರ. ಮಕ್ಕಿಜ್ವಾಳ."

ತುತ್ತು ತುಟಿಯ ಹತ್ತಿರ ಹೋಗಿತ್ತು. ಶಂಕರಲಿಂಗ ಕೂತಲ್ಲಿಂದಲೇ ಜಿಗಿದು ಹೆಂಡತಿಯ ಕೈಗೆ ಹೊಡೆದ. ತುತ್ತು ಜಮಖಾನೆಯ ಮೇಲೆ ಬಿತ್ತು, ರೊಟ್ಟಿ ಮಣ್ಣಿಗೆ ಬಿತ್ತು.

"ಉಗುಳು," ಎಂದ ಅವನು. "ಬಾಯಾಗ ಹೋಗ್ಯದೇನ? ಉಗುಳು ಮೊದಲ."

ಡಾಕ್ಟರು ಮಣ್ಣಿಗೆ ಬಿದ್ದ ರೊಟ್ಟಿಯನ್ನು ಎತ್ತಿ ಮೂಸಿ ನೋಡಿದ. ಆಮೇಲೆ ಸಾಹುಕಾರನನ್ನು ನೋಡಿದ. ಸೇಠ ತನ್ನ ತಾಟನ್ನು ಹಿಂದೆ ಸರಿಸಿದ.

"ಯಾಕ್ರಿ ಸಾವ್ಕಾರ್ರ?" ಎಂದಳು ಜಿಜಾಬಾಯಿ. "ತೊಳದು ಬಿಸಿಲಿಗಿ ಹಾಕೀವಿ. ನೀವ್ ಹೇಳ್ದಂಗೇ."

ಬಸವಕಿರಣ ಎದ್ದು ಬಂದು ಬುಟ್ಟಿಗೆ ಒದೆಯಲು ಕಾಲೆತ್ತಿದ. "ಹಲ್ಕಟ್ ರಂಡ್ಯಾರ, ನಮ್ಮ ಹೊಲದಾಗ ಬಂದು—"

ವಜೀರಬಿ ಬುಟ್ಟಿಗೆ ಅಡ್ಡ ಕೂತುಬಿಟ್ಟಳು. ಉಳಿದವರೂ ಸುತ್ತ ಕೂತರು. ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವನು ಹಿಂದೆ ಸರಿದ.

"ನನ್ನ ಸೊಸಿ ಉಂಡಾಳ ಇದನ್ನ," ಎಂದಳು ಜಿಜಾಬಾಯಿ, ಪಾರ್ವತಿಬಾಯಿಗೆ. "ಕಲ್ಯಾಣದ ದವಾಖಾನ್ಯಾಗ ಮಲಗ್ಯಾಳ. ಕೂಸು ಉಳಿತದೋ ಇಲ್ಲೋ ಯಾರೂ ಹೇಳವಲ್ರು. ಅಕಿ ಕೈಗಿ ಹೊಡ್ಯಾವರು ಯಾರೂ ಇರ್ಲಿಲ್ರಿ ಅವ್ವಾರ."

ಪಾರ್ವತಿಬಾಯಿ ಗಂಡನ ಕಡೆ ತಿರುಗಿದಳು. ಹೊಡೆತ ಬಿದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು.

"ನಾ ಯಾಕ ತಿನ್ನಬಾರದಿತ್ತು?" ಎಂದು ಕೇಳಿದಳು. "ಹೇಳ್ರಿ. ಯಾಕ ತಿನ್ನಬಾರದಿತ್ತು?"

ಶಂಕರಲಿಂಗ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡ. ಜಿಜಾಬಾಯಿ ಒಂದೊಂದೇ ರೊಟ್ಟಿ ತೆಗೆದು ಅವನ ತಾಟಿನಲ್ಲಿ ಇಡುತ್ತ ಹೋದಳು. ತಾಟು ತುಂಬಿದ ಮೇಲೆ ಜಮಖಾನೆಯ ಮೇಲಿಟ್ಟಳು. ಬುಟ್ಟಿ ಬರಿದಾದ ಮೇಲೆ ಅವನೆದುರಿಗೆ, ಆ ಜಮಖಾನೆಯ ಮೇಲೆಯೇ ಕೂತಳು.

"ಅವ್ವಾರು ಕೇಳಾಕತ್ತಾರ ಸಾವ್ಕಾರ್ರ," ಎಂದಳು. "ಹೇಳ್ರಿ. ನೀವ್ ಹೇಳೂತನ ನಾವ್ ಏಳಲ್ಲ."